ಮಸಾರಿ ನೆಲದ ಕಾಡುಹೂಗಳ ಬೀಜ: ಎಷ್ಟನ್ನು ಎಬ್ಬಿಸಬೇಕು, ಎಷ್ಟನ್ನು ಮಲಗಲು ಬಿಡಬೇಕು

ತಂಗಡಿ ಬೀಜ ತಂದು ಸುಮ್ನೆ ನೀರಲ್ಲಿ ನೆನೆಹಾಕಿ ನೋಡಿ. ಮರುದಿನ ಹಾಗೇ ಇರುತ್ತದೆ. ಮೂರನೇ ದಿನವೂ ಹಾಗೇ. ಹೆಸರುಕಾಳಿನಂತೆ ಉಬ್ಬುವುದಿಲ್ಲ, ಬಿರಿಯುವುದಿಲ್ಲ. ಬೀಜ ಸತ್ತಿದೆ ಅಂತ ಎಸೆಯುವವರೇ ಜಾಸ್ತಿ. ಆದರೆ ಅದರ ಸಿಪ್ಪೆ ದಾಟಿ ಒಳಕ್ಕೆ ನೀರೇ ಹೋಗಿರುವುದಿಲ್ಲ. ಒಣ ಹುಲ್ಲುಗಾವಲಿನ ಹೂಗಿಡಗಳಲ್ಲಿ ಇಂಥವು ಬಹಳ. ಅವನ್ನು ಮೊಳೆಯಿಸುವುದು ಕಷ್ಟವೇನಲ್ಲ, ಯಾವುದಕ್ಕೆ ಏನು ಬೇಕು ಅಂತ ಗೊತ್ತಿರಬೇಕು ಅಷ್ಟೆ.

ನಮ್ಮ ಹೊಲ ಇರುವುದು ಚಳ್ಳಕೆರೆ ಸೀಮೆಯಲ್ಲಿ, ಕಾವಲಿನ, ಅಂದರೆ ಹುಲ್ಲುಗಾವಲಿನ ಅಂಚಿಗೆ. ಶೇಂಗಾ, ಸಾವೆ, ಒಂದಿಷ್ಟು ತೊಗರಿ ನಮ್ಮ ಬೆಳೆ. ಊರ ಪಕ್ಕದಲ್ಲಿ ಗರಸು ತೆಗೆದು ಬೋಳು ಮಾಡಿದ್ದ ಒಂದು ತುಂಡು ನೆಲವಿದೆ. ಅಲ್ಲಿಗೆ ಮತ್ತೆ ಹುಲ್ಲು, ಹೂ ತರಬೇಕು ಅಂತ ಪಂಚಾಯ್ತಿಯ ಜೀವವೈವಿಧ್ಯ ಸಮಿತಿಯವರು ಕೆಲಸ ಶುರು ಮಾಡಿದಾಗ ಬೀಜದ ಜವಾಬ್ದಾರಿ ನನಗೆ ಬಂತು. ನಮ್ಮ ಅತ್ತೆಗೆ ಮೊದಲು ಇದೊಂದು ತಮಾಷೆ. "ಅಡವಿ ಗಿಡ ಬಿತ್ತೋರುಂಟೇನವ್ವಾ? ತಾನೇ ಹುಟ್ತೈತೆ, ತಾನೇ ಸಾಯ್ತೈತೆ" ಅಂದಿದ್ದರು. ಈಗ ಮೊರ ಹಿಡಿದು ಬೀಜ ಕೇರುವವರು ಅವರೇ.

ನೆಲ ಸರಿಪಡಿಸುವುದು ಅಂದ ತಕ್ಷಣ ಎಲ್ಲರಿಗೂ ಗಿಡ ನೆಡುವುದೇ ನೆನಪಾಗುತ್ತದೆ. ದಯವಿಟ್ಟು ಬೇಡ. ನಮ್ಮ ಬಯಲುಸೀಮೆಯ ಕಾವಲುಗಳು ಮರ ಕಡಿದು ಹಾಳಾದ ಕಾಡುಗಳಲ್ಲ. ಅವು ಇರುವುದೇ ಹಾಗೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರದ್ದು, 119 ಚದರ ಕಿ.ಮೀ. ಇದೆ. ಅದರ ಬಹುಪಾಲು ನೀಲಗಿರಿ ನೆಡುತೋಪು! ಓಡಿ ತಪ್ಪಿಸಿಕೊಳ್ಳುವ ಪ್ರಾಣಿಗೆ ಕಣ್ಣು ಹಾಯುವಷ್ಟು ಬಯಲು ಬೇಕು. ಹಾಗಾಗಿ ಈ ಬರಹದಲ್ಲಿ ಮರ ಇಲ್ಲ. ಪೊದೆ ಅಂದರೆ ತಂಗಡಿ ಒಂದೇ, ಅದೂ ಅಂಚಿನಲ್ಲಿ.

ಬೀಜ ಎಲ್ಲಿಂದ, ಯಾವಾಗ

ನಿಮ್ಮ ನೆಲಕ್ಕೆ ಹತ್ತಿರದಲ್ಲೇ, ಅದೇ ಮಣ್ಣಿನಲ್ಲಿ ಬೆಳೆದ ಗಿಡದ ಬೀಜ ತನ್ನಿ. ಮಸಾರಿಗೆ (ಕೆಂಪು ಮಣ್ಣಿಗೆ) ಮಸಾರಿಯದು, ಎರೆಗೆ (ಕಪ್ಪು ಮಣ್ಣಿಗೆ) ಎರೆಯದು. ಪೇಟೆಯಲ್ಲಿ "ಕಾಡುಹೂ ಮಿಶ್ರಣ" ಅಂತ ಬಣ್ಣಬಣ್ಣದ ಪೊಟ್ಟಣ ಸಿಗುತ್ತವೆ. ಅದರಲ್ಲಿ ಕಾಸ್ಮಾಸ್, ಗೈಲಾರ್ಡಿಯಾ ಇರುತ್ತವೆ, ಎರಡೂ ಅಮೆರಿಕಾ ಖಂಡದವು. ಮನೆ ಮುಂದೆ ಬೇಕಾದರೆ ಹಾಕಿಕೊಳ್ಳಿ, ಕಾವಲಿಗೆ ಬೇಡ.

ಜಾಗದ ಅನುಮತಿ ಮೊದಲು. ಅಭಯಾರಣ್ಯದೊಳಗಿಂದ ಏನನ್ನೂ ತರುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಅರಣ್ಯ ಇಲಾಖೆಯ ನೆಲವಾದರೆ ಕಾಗದದಲ್ಲಿ ಒಪ್ಪಿಗೆ ಪಡೆಯಿರಿ. ನಾನು ಹೆಚ್ಚಾಗಿ ಹೊಲದ ಬದು, ರಸ್ತೆ ಪಕ್ಕ, ಗುಡಿ ಹಿಂದಿನ ಬೀಡು ನೆಲದಿಂದ ತರುತ್ತೇನೆ. ಬುಲ್ಡೋಜರ್ ಬರುವ ಜಾಗ ಅಂತ ಗೊತ್ತಾದರೆ ಅಲ್ಲಿಗೇ ಮೊದಲು ಓಡುತ್ತೇನೆ.

ಬೀಜ ಬ್ಯಾಂಕಿನವರದ್ದು ಒಂದು ಒಳ್ಳೆಯ ನಿಯಮ ಇದೆ: ಆ ದಿನ ಮಾಗಿರುವ ಬೀಜದಲ್ಲಿ ಶೇಕಡಾ 20ಕ್ಕಿಂತ ಜಾಸ್ತಿ ತೆಗೆಯಬಾರದು, ಸಾಧ್ಯವಾದರೆ 50 ಗಿಡಗಳಿಂದಲಾದರೂ ಸ್ವಲ್ಪ ಸ್ವಲ್ಪ ತೆಗೆಯಬೇಕು. ಎತ್ತರದ, ಚೆಂದದ ಗಿಡವನ್ನೇ ಆರಿಸಬೇಡಿ. ಕುಳ್ಳು, ಸೊರಗು, ತಡವಾಗಿ ಹೂಬಿಟ್ಟದ್ದು ಎಲ್ಲವೂ ಚೀಲಕ್ಕೆ ಬರಲಿ. ಬರದ ವರ್ಷ ಯಾವುದು ಉಳಿಯುತ್ತದೋ ಯಾರಿಗೆ ಗೊತ್ತು?

ಕಾಲದ ಲೆಕ್ಕಕ್ಕೆ ನಮ್ಮ ಕಡೆ ಒಂದು ಗುರುತು ದೀಪಾವಳಿ. ಹಟ್ಟಿ ಲಕ್ಕವ್ವನಿಗೆ ತಂಗಡಿ ಹೂ, ಅಣ್ಣೆ ಹೂ, ಹುಚ್ಚೆಳ್ಳು ಹೂ ಬೇಕೇ ಬೇಕು. ಹೂ ಕೀಳಲು ಹೋದಾಗ ಎಲ್ಲೆಲ್ಲಿ ಎಷ್ಟಿದೆ ಅಂತ ನೋಡಿಟ್ಟುಕೊಂಡರೆ ಬೀಜದ ನಕ್ಷೆ ಸಿದ್ಧ. ಅಣ್ಣೆ, ತುಂಬೆ ಅಲ್ಲಿಂದ ಕೆಲವೇ ವಾರಕ್ಕೆ ಒಣಗುತ್ತವೆ. ಕೊಗ್ಗಿ, ಗಿಜಿಗಿಜಿ ಅದರ ಹಿಂದೆ. ತಂಗಡಿ ಕಾಯಿ ಕಂದುಬಣ್ಣಕ್ಕೆ ಬಂದು ಗಲಗಲ ಅನ್ನಲು ಸಂಕ್ರಾಂತಿ ಆಗುತ್ತದೆ. ದನ, ಕುರಿ ಮೇಯಿಸುವ ಅಜ್ಜಂದಿರನ್ನು ಕೇಳಿ. ನಮ್ಮಲ್ಲಿ ದೇವರ ಎತ್ತು ಕಾಯುವ ಕಿಲಾರಿಗಳಿದ್ದಾರೆ. ಯಾವ ಇಳಿಜಾರಿನಲ್ಲಿ ಏನು ಹೂಬಿಟ್ಟಿದೆ ಅಂತ ಅವರಷ್ಟು ಚೆನ್ನಾಗಿ ಹೇಳುವವರು ಇನ್ನೊಬ್ಬರಿಲ್ಲ.

ಎಲ್ಲ ಕಾಯಿಯೂ ಕಾಯುತ್ತಾ ಕೂರುವುದಿಲ್ಲ. ಪುರುಷರತ್ನದ ಪುಟ್ಟ ಕಾಯಿ ಒಣಗಿದ ಕೂಡಲೇ ಮೂರು ಸೀಳಾಗಿ ಸಿಡಿದು ಬೀಜ ಹಾರಿಸುತ್ತದೆ. ಹಸಿರು ಕಳೆದು ಹುಲ್ಲಿನ ಬಣ್ಣಕ್ಕೆ ತಿರುಗುವಾಗಲೇ ಕಿತ್ತು ಹಳೇ ಸೊಳ್ಳೆಪರದೆಯೊಳಗೆ ಕಟ್ಟಿಡಿ. ಎರಡು ದಿನ ಟಿಕ್ ಟಿಕ್ ಅನ್ನುತ್ತಿರುತ್ತದೆ. ವಿಷ್ಣುಕ್ರಾಂತಿ ಇನ್ನೊಂದು ಥರ. ನೆಲಕ್ಕಂಟಿಕೊಂಡೇ ಬೆಳೆಯುತ್ತದೆ, ಕಾಯಿ ಕೆಳಗೆ ಬಾಗುತ್ತದೆ, ಬೀಜ ಸದ್ದಿಲ್ಲದೆ ಉದುರಿಹೋಗುತ್ತದೆ. ಅದರ ಕುಡಿಗಳನ್ನೇ ಕಾಯಿ ಸಮೇತ ಕತ್ತರಿಸಿ ಕಾಗದದ ಚೀಲಕ್ಕೆ ಹಾಕಿ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ, ಬೆವರಿ ಬೂಸ್ಟು ಹಿಡಿಯುತ್ತದೆ.

ಒಣಗಿಸುವುದು, ಇಡುವುದು

ನೆರಳಲ್ಲಿ, ಗಾಳಿಯಾಡುವ ಕಡೆ ಒಂದು ವಾರ. ಆಮೇಲೆ ಕೈಯಲ್ಲಿ ಉಜ್ಜಿ, ಜರಡಿ ಹಿಡಿದು, ಮೊರದಲ್ಲಿ ಕೇರಿ. ಅಣ್ಣೆ ಬೀಜ ಕಪ್ಪಗೆ ಮಿಂಚುತ್ತದೆ, ಸಣ್ಣ ಜರಡಿಯಲ್ಲೂ ಜಾರುತ್ತದೆ. ಅದನ್ನು ಅತ್ತೆಯವರೇ ಮಾಡಬೇಕು, ನನ್ನ ಕೈಗೆ ಆ ಹದ ಬಂದಿಲ್ಲ.

ಕೊಗ್ಗಿ, ತಂಗಡಿ, ಗಿಜಿಗಿಜಿಯಂಥ ಕಾಯಿಗಿಡಗಳ ಬೀಜದೊಳಗೆ ಕಾಳುಹುಳ ಇರುತ್ತದೆ. ಡಬ್ಬಿಗೆ ಹಾಕಿಟ್ಟರೆ ಬೇಸಿಗೆಗೆ ತೆಗೆದಾಗ ತೂತು ಬಿದ್ದ ಸಿಪ್ಪೆ ಮಾತ್ರ ಸಿಗುತ್ತದೆ. ಚೆನ್ನಾಗಿ ಒಣಗಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಒಂದು ವಾರ ಫ್ರೀಜರ್‌ನಲ್ಲಿಡಿ. ಹುಳ ಸಾಯುತ್ತದೆ, ಬೀಜಕ್ಕೆ ಏನೂ ಆಗುವುದಿಲ್ಲ. ಹಸಿ ಇದ್ದಾಗ ಇಟ್ಟರೆ ಮಾತ್ರ ಬೀಜವೂ ಹೋಗುತ್ತದೆ.

ಬೀಜ ವಿಜ್ಞಾನಿ ಜೇಮ್ಸ್ ಹ್ಯಾರಿಂಗ್ಟನ್ ಅವರ ಒಂದು ಸರಳ ಲೆಕ್ಕ ಇದೆ. ಬೀಜದ ತೇವಾಂಶ ಶೇಕಡಾ 1 ಇಳಿದರೆ ಅದರ ಆಯಸ್ಸು ಸುಮಾರು ಇಮ್ಮಡಿ. ಇಟ್ಟ ಜಾಗದ ಉಷ್ಣತೆ 5 ಡಿಗ್ರಿ ಇಳಿದರೂ ಸುಮಾರು ಇಮ್ಮಡಿ. ಸಿಲಿಕಾ ಜೆಲ್ ಇಲ್ಲದಿದ್ದರೆ ಅಕ್ಕಿ ಹುರಿದು, ಆರಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಬೀಜದ ಡಬ್ಬಿಯೊಳಗೆ ಇಡಿ. ತೇವ ಎಳೆದುಕೊಳ್ಳುತ್ತದೆ. ಚೀಟಿಯಲ್ಲಿ ಹೆಸರು, ತಾರೀಖು, ಜಾಗ, ಮಣ್ಣು, ಎಷ್ಟು ಗಿಡದಿಂದ ತಂದದ್ದು ಎಂದು ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಅಳಿಸಿಹೋಗುತ್ತದೆ.

ತುಂಬೆ ಮತ್ತು ಹುಲ್ಲುಗಳನ್ನು ಮಾತ್ರ ನಾನು ಫ್ರಿಜ್‌ಗೆ ಹಾಕುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬೀಜ ಯಾಕೆ ಮೊಳೆಯುವುದಿಲ್ಲ

ಶೇಂಗಾ ಬೆಳೆಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ಟಿಎಂವಿ-2ರಂಥ ಗೊಂಚಲು ಶೇಂಗಾ ಕೀಳುವ ಹೊತ್ತಿಗೆ ಮಳೆ ಹಿಡಿದರೆ ನೆಲದೊಳಗೇ ಮೊಳಕೆ ಒಡೆದುಬಿಡುತ್ತದೆ. ಹಬ್ಬು ಶೇಂಗಾ ಹಾಗೆ ಮಾಡುವುದಿಲ್ಲ, ಕೆಲವು ವಾರ ಮಲಗಿರುತ್ತದೆ. ಬೇಗ ಏಳುವ ಬೀಜವನ್ನೇ ಮನುಷ್ಯ ತಲೆಮಾರುಗಳಿಂದ ಆರಿಸುತ್ತಾ ಬಂದ. ಅಡವಿ ಗಿಡವನ್ನು ಹಾಗೆ ಆರಿಸಿದವರು ಯಾರೂ ಇಲ್ಲ. ಅದಕ್ಕೆ ಮಲಗುವ ಗುಣ ಪೂರ್ತಿ ಉಳಿದಿದೆ.

ನಮ್ಮ ಗಿಡಗಳಲ್ಲಿ ಈ ನಿದ್ದೆ ಮುಖ್ಯವಾಗಿ ಎರಡು ಬಗೆ. ಒಂದು, ಸಿಪ್ಪೆ ನೀರು ಬಿಡದೇ ಇರುವುದು. ತೊಗರಿ, ಅವರೆ ಜಾತಿಗೆ ಸೇರಿದ ತಂಗಡಿ, ಕೊಗ್ಗಿ, ಗಿಜಿಗಿಜಿ, ಕಾಡುನೀಲಿ ಎಲ್ಲ ಹೀಗೆ. ವಿಷ್ಣುಕ್ರಾಂತಿಯೂ ಹೀಗೇ. ಎರಡು, ನೀರು ಒಳಗೆ ಹೋದರೂ ಒಳಗಿನ ಮೊಳಕೆಯೇ ಇನ್ನೂ ತಯಾರಿಲ್ಲದಿರುವುದು. ತುಂಬೆ, ಪುರುಷರತ್ನ, ಗೌರಿ ಹೂ (ಅಗ್ನಿಶಿಖೆ), ಬಹಳಷ್ಟು ಹುಲ್ಲುಗಳು ಈ ಗುಂಪು.

ಯಾವ ಗುಂಪು ಅಂತ ತಿಳಿಯಲು ಲ್ಯಾಬ್ ಬೇಡ. ಮೊದಲು ಒಂದಿಪ್ಪತ್ತು ಬೀಜ ಬ್ಲೇಡಿನಿಂದ ಕತ್ತರಿಸಿ ನೋಡಿ. ಒಳಗೆ ಬೆಳ್ಳಗೆ, ಗಟ್ಟಿಯಾಗಿ ತುಂಬಿದ್ದರೆ ಜೀವ ಇದೆ ಅಂತ ನಂಬಬಹುದು. ಟೊಳ್ಳು, ಕಂದು, ಪುಡಿಪುಡಿ ಇದ್ದರೆ ಎಷ್ಟು ಉಪಚಾರ ಮಾಡಿದರೂ ದಂಡ. ಆಮೇಲೆ ಇನ್ನೊಂದಿಷ್ಟನ್ನು ಒಂದು ರಾತ್ರಿ ನೆನೆಸಿ. ಉಬ್ಬಿದರೆ ಎರಡನೇ ಗುಂಪು, ಉಬ್ಬದೆ ಕಲ್ಲಿನಂತೆ ಉಳಿದರೆ ಮೊದಲನೆಯದು.

ಗಟ್ಟಿ ಸಿಪ್ಪೆಯವು

ದೊಡ್ಡ ಬೀಜಕ್ಕೆ ಬಿಸಿನೀರು. ನೀರು ಕುದಿಸಿ, ಒಲೆಯಿಂದ ಇಳಿಸಿ, ಕುದಿತ ನಿಂತು ಸ್ವಲ್ಪ ಹೊತ್ತು ಬಿಡಿ. 80 ಡಿಗ್ರಿ ಆಸುಪಾಸು ಇರಲಿ. ಬೀಜದ ಹತ್ತುಪಟ್ಟು ನೀರು ಸುರಿದು ಹಾಗೇ ತಣಿಯಲು ರಾತ್ರಿಯಿಡೀ ಬಿಡಿ. ಒಲೆಯ ಮೇಲಿಟ್ಟು ಬೀಜ ಕುದಿಸಬೇಡಿ, ಅದು ಪಲ್ಯದ ದಾರಿ. ಬೆಳಿಗ್ಗೆ ಉಬ್ಬಿದ ಬೀಜ ಎದ್ದು ಕಾಣುತ್ತದೆ, ಮೊದಲಿಗಿಂತ ದಪ್ಪ, ಬಣ್ಣ ತೆಳು. ಅವನ್ನು ಆರಿಸಿ ಆ ದಿನವೇ ಬಿತ್ತಿ. ಉಬ್ಬದವಕ್ಕೆ ಇನ್ನೊಮ್ಮೆ ಮಾಡಬಹುದು, ಇಲ್ಲ ಒಣಗಿಸಿ ಡಬ್ಬಿಗೆ ವಾಪಸ್ ಹಾಕಬಹುದು.

ಕೊಗ್ಗಿ, ವಿಷ್ಣುಕ್ರಾಂತಿಯಂಥ ಸಣ್ಣವಕ್ಕೆ ನನಗೆ ಬಿಸಿನೀರು ಇಷ್ಟವಿಲ್ಲ. ಸಣ್ಣ ಬೀಜ ಬೇಗ ಬೇಯುತ್ತದೆ. ಅದಕ್ಕೆ ಉಪ್ಪುಕಾಗದ, ಅದೇ ಬಡಗಿಗಳು ಬಳಸುವ ಸ್ಯಾಂಡ್‌ಪೇಪರ್. ಮುಚ್ಚಳವಿರುವ ಒಂದು ತಗಡಿನ ಡಬ್ಬಿಯ ಒಳಗೋಡೆಗೆ 120ನೇ ನಂಬರಿನ ಕಾಗದ ಸುತ್ತಿ, ತಳಕ್ಕೂ ಒಂದು ತುಂಡು ಅಂಟಿಸಿ. ಒಂದು ಹಿಡಿ ಬೀಜ ಹಾಕಿ ಅಲ್ಲಾಡಿಸಿ. ಪದೇ ಪದೇ ತೆಗೆದು ನೋಡಿ. ಹೊಳಪು ಹೋಗಿ ಮಂಕಾದರೆ ಸಾಕು. ಒಳಗಿನ ಬಿಳಿ ಕಂಡರೆ ಜಾಸ್ತಿ ಆಯಿತು ಅಂತ ಅರ್ಥ. ಮನೆಯಲ್ಲಿ ಮಕ್ಕಳಿದ್ದರೆ ಈ ಕೆಲಸಕ್ಕೆ ಜಗಳವಾಡುತ್ತಾರೆ, ಕೊಡಿ. ಗಿಜಿಗಿಜಿ ಬೀಜವನ್ನು ಮಾತ್ರ ಅವರ ಕೈಗೆ ಕೊಡಬೇಡಿ, ಅದರ ಹಲವು ಜಾತಿಗಳಲ್ಲಿ ವಿಷವಿದೆ. ಗೌರಿ ಹೂ ಇನ್ನೂ ಅಪಾಯ, ಗೆಡ್ಡೆಯಿಂದ ಬೀಜದವರೆಗೆ ಪೂರ್ತಿ ವಿಷ.

ಬೆರಳೆಣಿಕೆಯ ಬೀಜ ಮಾತ್ರ ಇದ್ದರೆ ಉಗುರು ಕತ್ತರಿಯಿಂದ ಒಂದೊಂದಕ್ಕೂ ಚಿಕ್ಕ ಗಾಯ ಮಾಡಿ. ಕಾಯಿಗೆ ಅಂಟಿಕೊಂಡಿದ್ದ ಕಣ್ಣಿನ ಹತ್ತಿರ ಮುಟ್ಟಬೇಡಿ, ಮೊಳಕೆಯ ಬೇರು ಅಲ್ಲೇ ಇರುತ್ತದೆ. ಎದುರು ಬದಿಯಲ್ಲಿ ಕತ್ತರಿಸಿ. ಗಂಧಕಾಮ್ಲದ ಉಪಚಾರವನ್ನೂ ಪುಸ್ತಕಗಳಲ್ಲಿ ಬರೆದಿರುತ್ತಾರೆ. ಮನೆಯಲ್ಲಿ ಅದು ಬೇಡ.

ಇನ್ನು ಮುಖ್ಯವಾದ ಮಾತು. ಟ್ರೇಯಲ್ಲಿ ಸಸಿ ಮಾಡುವುದಾದರೆ ಇದ್ದ ಬೀಜಕ್ಕೆಲ್ಲ ಉಪಚಾರ ಮಾಡಿ. ನೇರವಾಗಿ ನೆಲಕ್ಕೆ ಬಿತ್ತುವುದಾದರೆ ಮೂರರಲ್ಲಿ ಒಂದು ಪಾಲಿಗೆ ಮಾತ್ರ ಮಾಡಿ. ಉಳಿದ ಎರಡು ಪಾಲು ಹಾಗೇ ಹೋಗಲಿ. ನಮ್ಮ ಸೀಮೆಯ ಮಳೆ ನಿಮಗೆ ಗೊತ್ತೇ ಇದೆ. ಕೃತ್ತಿಕೆ, ರೋಹಿಣಿಯಲ್ಲಿ ಗುಡುಗು ಸಿಡಿಲಿನ ಮಳೆ ಸುರಿಯುತ್ತದೆ, ನೆಲ ಹಸಿರಾಗುತ್ತದೆ. ಆಮೇಲೆ ಜೂನ್, ಜುಲೈ ಪೂರ್ತಿ ಗಾಳಿ. ಮೋಡ ತಲೆ ಮೇಲೆ ಓಡುತ್ತವೆ, ಹನಿ ಬೀಳುವುದಿಲ್ಲ. ಎಲ್ಲ ಬೀಜವೂ ರೋಹಿಣಿ ಮಳೆಗೇ ಎದ್ದರೆ ಆರಿದ್ರೆ ಹೊತ್ತಿಗೆ ಎಲ್ಲವೂ ಒಣಗಿರುತ್ತದೆ, ವರ್ಷದ ಕೂಡಿಕೆ ಮುಗಿಯಿತು. ಗಟ್ಟಿ ಸಿಪ್ಪೆಯ ಬೀಜ ಬಿಸಿಲಿಗೆ ಕಾದು, ರಾತ್ರಿ ತಣಿದು, ಮಣ್ಣಿಗೆ ಉಜ್ಜಿ, ವರ್ಷಕ್ಕಿಷ್ಟು ಅಂತ ತಾನೇ ಬಿರುಕು ಬಿಡುತ್ತದೆ. ಈ ವರ್ಷ ಕೆಲವು, ಬರುವ ವರ್ಷ ಕೆಲವು. ಯೋಜನೆಯ ವರದಿಗೆ "ಶೇಕಡಾ 90 ಮೊಳಕೆ" ಅಂತ ಬರೆಯಲು ಚೆಂದ. ನೆಲಕ್ಕೆ ಅದರಿಂದ ಉಪಕಾರವಿಲ್ಲ.

ಕಾಯಬೇಕಾದವು

ತುಂಬೆ ಬೀಜ ಕಿತ್ತ ಹೊಸದರಲ್ಲಿ ಬಿತ್ತಿದರೆ ಹೆಚ್ಚು ಏಳುವುದಿಲ್ಲ. ಬಟ್ಟೆ ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ, ಹೆಂಚಿನ ಕೆಳಗೆ ಬೇಸಿಗೆ ಕಳೆಯಲು ಬಿಡಿ. ಒಣ ಸೆಕೆಯಲ್ಲೇ ಅದರ ನಿದ್ದೆ ಕಳೆಯುತ್ತದೆ. ಬೀಜದ ತುದಿಯ ಉದ್ದ ಕೂದಲಿನಂಥ ಊಬು ಬಟ್ಟೆಗೆ ಚುಚ್ಚಿಕೊಳ್ಳುವ ಹೆಟೆರೊಪೋಗಾನ್ ಹುಲ್ಲಿಗೂ ಇದೇ ಉಪಾಯ. ಫ್ರಿಜ್‌ನಲ್ಲಿಟ್ಟರೆ ನಿದ್ದೆಯೂ ಹಾಗೇ ಉಳಿಯುತ್ತದೆ. ಆ ಊಬನ್ನು ಕಿತ್ತು ಹಾಕಬೇಡಿ. ತೇವಕ್ಕೆ ಬಿಚ್ಚಿ, ಒಣಗಿದಾಗ ಸುತ್ತಿ, ಬೀಜವನ್ನು ಅದೇ ಮಣ್ಣಿಗೆ ತಿರುಚಿ ಇಳಿಸುತ್ತದೆ.

ಗೌರಿ ಹೂವಿನ ಕೆಂಪು ಬೀಜಕ್ಕೆ ತಿಂಗಳುಗಟ್ಟಲೆ ತಾಳ್ಮೆ ಬೇಕು. ಮಣ್ಣಿನ ಕುಂಡದಲ್ಲಿ ಬಿತ್ತಿ ಮರೆತುಬಿಡಿ. ಪುರುಷರತ್ನಕ್ಕೆ ಲ್ಯಾಬ್‌ನವರು ಜಿಬ್ಬೆರೆಲಿಕ್ ಆಮ್ಲ ಬಳಸುತ್ತಾರೆ. ವಿಜಯಪುರದ ದ್ರಾಕ್ಷಿ ಬೆಳೆಗಾರರು ಹಣ್ಣು ದಪ್ಪವಾಗಲಿ ಅಂತ ಹೊಡೆಯುತ್ತಾರಲ್ಲ, ಅದೇ. ನಾನು ಬಳಸುವುದಿಲ್ಲ. ಒಂದು ಬೇಸಿಗೆ ದಾಟಿಸಿ, ಜಾಸ್ತಿ ಬೀಜ ಬಿತ್ತಿ, ಬಂದಷ್ಟು ಬರಲಿ ಅನ್ನುತ್ತೇನೆ.

ಹೊಗೆಯ ವಿಚಾರ ಸ್ವಲ್ಪ. ಒಣ ಹುಲ್ಲಿನ ಹೊಗೆ ಕೆಲವು ಬೀಜಗಳನ್ನು ಎಬ್ಬಿಸುತ್ತದೆ. ಹೊಗೆಯಲ್ಲಿ ಆ ಕೆಲಸ ಮಾಡುವ ಕ್ಯಾರಿಕಿನ್ ಎಂಬ ವಸ್ತುವನ್ನು 2004ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಗುರುತಿಸಿದರು. ದಕ್ಷಿಣ ಆಫ್ರಿಕಾದಲ್ಲಿ ತೀಮೆಡಾ ಟ್ರಯಾಂಡ್ರಾ ಹುಲ್ಲಿನ ಬೀಜ ಹೊಗೆಗೆ ಏಳುತ್ತದೆ ಅಂತ ಅದಕ್ಕೂ ಮೊದಲೇ ತೋರಿಸಿದ್ದರು. ಆ ಹುಲ್ಲು ನಮ್ಮ ನಾಡಿನಲ್ಲೂ ಇದೆ. ಪ್ರಯತ್ನಿಸುವುದಾದರೆ ಹುಲ್ಲಿನ ಬೀಜವನ್ನು ಜರಡಿಯಲ್ಲಿ ಹರಡಿ, ಶಾಖ ತಾಗದಷ್ಟು ದೂರದಲ್ಲಿ ತಣ್ಣನೆಯ ಹೊಗೆ ಹಿಡಿಸಿ. ಇದನ್ನು ಓದಿ ಕಾವಲಿಗೆ ಬೆಂಕಿ ಇಡಲು ಹೋಗಬೇಡಿ ಮತ್ತೆ.

ಅಣ್ಣೆಗೆ ಈ ಯಾವ ತಾಪತ್ರಯವೂ ಇಲ್ಲ. ಉದುರಿಸಿದರೆ ಹುಟ್ಟುತ್ತದೆ. ಜಾಸ್ತಿ ಹಾಕಿದರೆ ಉಳಿದವಕ್ಕೆ ಜಾಗ ಬಿಡುವುದಿಲ್ಲ, ಒಂದು ಚಿಟಿಕೆ ಸಾಕು.

ಪರೀಕ್ಷೆ ಮತ್ತು ಟ್ರೇ

ಬಿತ್ತುವ ಮುಂಚೆ 100 ಬೀಜ ಎಣಿಸಿ, 25ರಂತೆ ನಾಲ್ಕು ಪಾಲು ಮಾಡಿ. ಮುಚ್ಚಳವಿರುವ ಪ್ಲಾಸ್ಟಿಕ್ ಸ್ವೀಟ್ ಬಾಕ್ಸ್‌ನಲ್ಲಿ ಟಿಶ್ಯೂ ಕಾಗದ ಒದ್ದೆ ಮಾಡಿ ಹರಡಿ. ನೀರು ನಿಲ್ಲಬಾರದು. ಎರಡು ಪಾಲು ಉಪಚಾರ ಮಾಡಿದ್ದು, ಎರಡು ಪಾಲು ಮಾಡದ್ದು. ಜಗಲಿಯ ಬೆಳಕಿನಲ್ಲಿಡಿ, ನೇರ ಬಿಸಿಲು ಬೇಡ. ಹಗಲು ಸೆಕೆ, ರಾತ್ರಿ ತಂಪು ಎರಡೂ ತಾಗಬೇಕು. ಬೇರು 2 ಮಿ.ಮೀ. ಹೊರಬಂದರೆ ಮೊಳೆತ ಲೆಕ್ಕ. ನಾಲ್ಕು ವಾರ ನೋಡಿ. ಉಪಚಾರ ಮಾಡಿದ ಪಾಲಿನಲ್ಲಿ ಅರ್ಧದಷ್ಟು ಬಂದರೆ ನನಗೆ ಖುಷಿ.

ಸಸಿ ಮಾಡುವುದು ಬೀಜ ಕಡಿಮೆ ಇರುವ ಗಿಡಕ್ಕೆ ಮತ್ತು ತಂಗಡಿಗೆ ಮಾತ್ರ. ಎರಡು ಪಾಲು ಅದೇ ಜಾಗದ ಮಣ್ಣು, ಒಂದು ಪಾಲು ಮರಳು. ಗೊಬ್ಬರ ಬೇಡ. ಆಳದ ಪಾಕೆಟ್ ಬಳಸಿ, ತಂಗಡಿ ಬೇರು ಬೇಗ ಕೆಳಗಿಳಿಯುತ್ತದೆ. ಕಾಯಿಗಿಡಗಳ ಪಾಕೆಟ್‌ಗೆ ತಾಯಿಗಿಡದ ಬುಡದ ಮಣ್ಣು ಒಂದು ಚಿಟಿಕೆ ಹಾಕಿ. ಬೇರುಗಂಟು ಕಟ್ಟುವ ಜೀವಾಣುಗಳು ಅದರಲ್ಲಿ ಬರುತ್ತವೆ. ನೀರು ಬೆಳಿಗ್ಗೆ ಮಾತ್ರ. ಸಂಜೆ ಹಾಕಿ ರಾತ್ರಿಯಿಡೀ ಒದ್ದೆ ಇದ್ದರೆ ಬುಡ ಕೊಳೆತು ಸಸಿ ಸಾಲಾಗಿ ಮಲಗುತ್ತವೆ. ಫೆಬ್ರವರಿ ಕೊನೆಗೆ ಬಿತ್ತಿದರೆ ಮುಂಗಾರಿಗೆ ಸಸಿ ಗಟ್ಟಿಯಾಗಿರುತ್ತದೆ. ನೆಡುವ ಎರಡು ವಾರ ಮುಂಚೆ ನೆರಳುಪರದೆ ತೆಗೆದು, ನೀರು ಕಡಿಮೆ ಮಾಡಿ.

ನೆಲಕ್ಕೆ ಬಿತ್ತುವುದು

ಉಳಬೇಡಿ. ನೇಗಿಲು ಹೊಡೆದರೆ ಕೆಳಗೆ ಮಲಗಿರುವ ಕಾಂಗ್ರೆಸ್ ಗಿಡದ ಬೀಜವೆಲ್ಲ ಮೇಲೆ ಬರುತ್ತದೆ. ಬಳ್ಳಾರಿ ಜಾಲಿ ಇದ್ದರೆ ಬೇರು ಸಮೇತ ಮೊದಲೇ ತೆಗೆಸಿ. ಕುಂಟೆಯನ್ನೋ ಕೈಹಲುಬೆಯನ್ನೋ ಹಗುರವಾಗಿ ಎಳೆದು ಗಟ್ಟಿಪದರ ಮಾತ್ರ ಒಡೆಯಿರಿ. ಗರಸು ತೆಗೆದ ಗುಂಡಿಯಾದರೆ ಇಳಿಜಾರಿಗೆ ಅಡ್ಡವಾಗಿ ಕಲ್ಲು ಜೋಡಿಸಿ. ಬೀಜವೂ ಮಣ್ಣೂ ಅಲ್ಲಿ ನಿಲ್ಲುತ್ತವೆ.

ಎರಡು ಸಲ ಬಿತ್ತಿ. ಉಪಚಾರ ಮಾಡದ ಬೀಜ ಮತ್ತು ಹುಲ್ಲು ಮೇ ತಿಂಗಳ ಮೊದಲ ಮಳೆಯ ಮುಂಚೆ. ಉಪಚಾರ ಮಾಡಿದ್ದು ಆಗಸ್ಟ್ ಕೊನೆಗೆ, ಹುಬ್ಬೆ ಮಳೆ ಹೂಡಿದಾಗ. ನಮಗೆ ನಂಬುವಂಥ ಮಳೆ ಉತ್ತರೆಯಿಂದ ಚಿತ್ತೆವರೆಗೆ. ಆ ಆರೇಳು ವಾರದಲ್ಲಿ ಬೇರು ಇಳಿದರೆ ಗಿಡ ಬೇಸಿಗೆ ಹಿಡಿಯುತ್ತದೆ. ಮೈಸೂರು ಕಡೆಯವರು ಈ ಲೆಕ್ಕವನ್ನು ತಮ್ಮ ಮಳೆಗೆ ತಕ್ಕಂತೆ ತಿದ್ದಿಕೊಳ್ಳಿ.

ಬೀಜಕ್ಕೆ ಐದುಪಟ್ಟು ಮರಳು ಸೇರಿಸಿ ಎರಚಿ. ಮರಳು ಕಾಣುವುದರಿಂದ ಎಲ್ಲಿ ಬಿತ್ತು, ಎಲ್ಲಿ ಬಿಟ್ಟೆವು ಅಂತ ಗೊತ್ತಾಗುತ್ತದೆ. ಚದರ ಮೀಟರಿಗೆ ಹೂಗಿಡದ ಬೀಜ ಒಂದು ಗ್ರಾಂ ನನ್ನ ಅಳತೆ. ದೊಡ್ಡ ಬೀಜ ಅದರ ದಪ್ಪದ ಎರಡು ಮೂರು ಪಟ್ಟು ಆಳಕ್ಕೆ ಹೋಗಲಿ. ಅಣ್ಣೆ, ತುಂಬೆ ಮೇಲೇ ಇರಲಿ. ಆಮೇಲೆ ಕುರಿ ಹಿಂಡನ್ನು ಒಂದು ಸಲ ಅದರ ಮೇಲೆ ದಾಟಿಸಿ, ಗೊರಸಿನಿಂದ ಬೀಜ ಮಣ್ಣಿಗೆ ಕೂರುತ್ತದೆ. ಕುರಿಗಾಹಿಗೆ ಮೊದಲೇ ಹೇಳಿಟ್ಟರೆ ಖರ್ಚಿಲ್ಲದ ರೋಲರ್. ಮೇಲೆ ತೆಳ್ಳಗೆ ಹುಲ್ಲು ಹರಡಿ, ಒಳ್ಳೆಯ ಕಾವಲಿನಿಂದ ಮಾಗಿದ ತೆನೆ ಸಮೇತ ಕೊಯ್ದದ್ದಾದರೆ ಇನ್ನೂ ಉತ್ತಮ. ಬೀಜವೂ ಬಂತು, ನೆರಳೂ ಆಯಿತು. ಇರುವೆ ಹೊತ್ತೊಯ್ಯುತ್ತದೆ, ಹಾಗಾಗಿ ಬಿತ್ತಿದ ಮೇಲೆ ವಾರಗಟ್ಟಲೆ ಒಣ ನೆಲದಲ್ಲಿ ಬೀಜ ಬಿದ್ದಿರದಂತೆ ಮೋಡ ನೋಡಿ ಬಿತ್ತಿ.

ಮೇವಿಗೆ ಬಿಡುವುದು ಮೊದಲ ಸಲ ಬೀಜ ಉದುರಿದ ಮೇಲೆ. ಶಾಶ್ವತವಾಗಿ ಬೇಲಿ ಹಾಕಿ ಕೂತರೆ ಹುಲ್ಲು ದಟ್ಟವಾಗಿ ವಿಷ್ಣುಕ್ರಾಂತಿಯಂಥ ನೆಲ ಹಿಡಿಯುವ ಗಿಡ ಬಿಸಿಲಿಲ್ಲದೆ ಸಾಯುತ್ತದೆ. ಗೊಬ್ಬರ, ಯೂರಿಯಾ ಯಾವತ್ತೂ ಬೇಡ. ಅದರ ಲಾಭ ಪಡೆಯುವುದು ಕಾಂಗ್ರೆಸ್ ಗಿಡ. ಮೇವಿಗೆ ಒಳ್ಳೆಯದು ಅಂತ ಯಾರಾದರೂ ಸ್ಟೈಲೋ ಬೀಜ ಸೇರಿಸಲು ಬಂದರೆ ಕೈಮುಗಿದು ಬೇಡ ಅನ್ನಿ. ಹಳದಿ ಹೂವಿನ ಈ ಹೊರನಾಡಿನ ಗಿಡ ಒಮ್ಮೆ ನೆಲ ಹಿಡಿದರೆ ಸ್ಥಳೀಯ ಗಿಡಕ್ಕೆ ಜಾಗ ಕೊಡುವುದಿಲ್ಲ.

ಮೊದಲ ವರ್ಷ ಕಾಣುವುದು ಅಣ್ಣೆ, ಒಂದಿಷ್ಟು ತುಂಬೆ, ಬೋಳು ಮಣ್ಣು. ನಾಲ್ಕು ಮೂಲೆಗೆ ಗೂಟ ಹೊಡೆದು ಒಂದು ಮೀಟರ್ ಚೌಕಗಳನ್ನು ಗುರುತು ಮಾಡಿಟ್ಟು, ಪ್ರತಿ ವರ್ಷ ಉತ್ತರೆ ಮಳೆ ಮುಗಿದ ಮೇಲೆ ಅವುಗಳಲ್ಲಿ ಮಾತ್ರ ಎಣಿಸಿ. ಕೊಗ್ಗಿ, ವಿಷ್ಣುಕ್ರಾಂತಿಯ ಹೊಸ ಸಸಿಗಳು ಮೂರನೇ ವರ್ಷದಲ್ಲೂ ಹೊಸದಾಗಿ ಏಳುತ್ತಿರುತ್ತವೆ. ಅದಕ್ಕೇ ಎರಡನೇ ವರ್ಷವೇ "ಬರಲಿಲ್ಲ" ಅಂತ ಅದೇ ಜಾಗಕ್ಕೆ ಮತ್ತೆ ಬೀಜ ಸುರಿಯಬೇಡಿ. ಉಳಿದ ಬೀಜವನ್ನು ಪಕ್ಕದ ತುಂಡಿಗೆ ಇಟ್ಟುಕೊಳ್ಳಿ.